ಕೊಟ್ರಬಸಪ್ಪನ ಪ್ಲೇಯರ್ ಬಿದ್ದ ಪ್ರಸಂಗ

ಕುಷ್ಟಗಿಯ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಕೊಟ್ರಬಸಪ್ಪನಿಗೆ ಆ್ಯಪ್ ಬೇಕೆಂದು ಅನ್ನಿಸಿದ್ದು ವ್ಯಾಪಾರದ ದೃಷ್ಟಿಯಿಂದಲ್ಲ. ಎದುರು ಸಾಲಿನ ಬಟ್ಟೆ ಅಂಗಡಿಯವನು ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, ಗೋಧಿ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ, “ನಮ್ಮದೊಂದು ಆ್ಯಪ್ ಆತು ನೋಡ್ರಿ” ಎಂದುಬಿಟ್ಟ. ಹುಗ್ಗಿ ಕೊಟ್ರಬಸಪ್ಪನ ಗಂಟಲಲ್ಲೇ ನಿಂತಿತು. “ನಮ್ಮದೂ ಆಗಾಕ ಹತ್ತೈತ್ರಿ” ಎಂದ. ಆ ಹೊತ್ತಿಗೆ ಆ್ಯಪ್ ಅಂದರೇನು, ಅದನ್ನು ಎಲ್ಲಿ ಮಾಡುತ್ತಾರೆ, ತೂಕದ ಮೇಲೆ ಕೊಡುತ್ತಾರೋ ಒಂದೊಂದು ನಗದ ಲೆಕ್ಕದಲ್ಲೋ ಎಂಬುದೊಂದೂ ಅವನಿಗೆ ಗೊತ್ತಿರಲಿಲ್ಲ.

ವಿಚಾರಿಸಿದಾಗ ಗೊತ್ತಾಯಿತು. ಗಂಗಾವತಿಯಲ್ಲಿ ಅಕ್ಕಿ ಮಿಲ್ಲಿನವರಿಗೆ ಆ್ಯಪ್ ಮಾಡಿಕೊಡುವ ಶರಣಕುಮಾರ ಎಂಬ ತರುಣನಿದ್ದ. ಅವನು ಒಪ್ಪಿಕೊಂಡ. ಕೊಟ್ರಬಸಪ್ಪನದು ಒಂದೇ ಷರತ್ತು: ಆ್ಯಪ್ ತೆರೆದ ಕೂಡಲೇ, ಕೊಡ ಬೋಗುಣಿಗಳ ದರ ಕಾಣುವುದಕ್ಕೂ ಮೊದಲು, ತಾನು ಕಾಣಬೇಕು. ಅದಕ್ಕೊಂದು ವಿಡಿಯೋ ತಯಾರಾಯಿತು. ಅದರಲ್ಲಿ ಅವನು ತನ್ನ ಮದುವೆಯ ಕೋಟು ತೊಟ್ಟು, ಹೊಟ್ಟೆಯ ಹತ್ತಿರ ಗುಂಡಿ ಕೂಡದ ಕಾರಣ ಅಲ್ಲಿಗೆ ಸರಿಯಾಗಿ ಒಂದು ತಾಮ್ರದ ಕೊಡ ಹಿಡಿದು, ಶಹನಾಯಿಯ ನಾದದಲ್ಲಿ ಹಂಡೆಗಳ ಸಾಲಿನಿಂದ ಹೊರಬರುತ್ತಾನೆ. “ಪಾತ್ರಿ ಅಂದ್ರ ಕೊಟ್ರಬಸಪ್ಪ, ಕೊಟ್ರಬಸಪ್ಪ ಅಂದ್ರ ಪಾತ್ರಿ” ಎಂದು ಕೈಮುಗಿಯಲು ಹೋಗಿ, ಕೊಡ ನೆನಪಾಗಿ, ಒಂದೇ ಕೈ ಎತ್ತುತ್ತಾನೆ.

“ಈ ವಿಡಿಯೋನ ನೀವು ಇಂಟರ್‌ನೆಟ್ಟಿಗೆ ಏರಸ್ರಿ. ಆ್ಯಪ್ ಒಳಗ ನಾ ಒಂದು ಎಂಬೆಡೆಡ್ ಪ್ಲೇಯರ್ ಇಟ್ಟೀನಿ. ಅದು ಅಲ್ಲಿಂದ ತಗೊಂಡು ತೋರಸ್ತೈತಿ” ಎಂದು ಶರಣಕುಮಾರ ಹೇಳಿದ. ಕೊಟ್ರಬಸಪ್ಪ ಉದ್ಘಾಟನೆಯ ಹಿಂದಿನ ದಿನ ಏರಿಸಿದ. ಎಂಬೆಡೆಡ್ ಎಂಬ ಪದ ಮಾತ್ರ ಅವನ ಬಾಯಲ್ಲಿ ‘ಇನ್‌ಬೆಡ್’ ಎಂದು ನೆಲೆ ಕಂಡುಕೊಂಡಿತು. ಅದರ ಫಲವನ್ನು ಇಡೀ ಓಣಿ ಉಂಡಿತು.

ಉದ್ಘಾಟನೆ ಭಾನುವಾರ ಸಂಜೆ ಐದಕ್ಕೆ, ಮನೆಯ ಮುಂದೆ. ಶಾಮಿಯಾನ ಹಾಕಿ, ದೊಡ್ಡ ಟಿವಿಯೊಂದನ್ನು ಕೆಂಪು ಪರದೆಯಿಂದ ಮುಚ್ಚಿ ಇಟ್ಟಿದ್ದರು. ವರ್ತಕರ ಸಂಘದ ಅಧ್ಯಕ್ಷರು ಬಂದು ಪರದೆ ಎತ್ತಬೇಕು, ಕೊಟ್ರಬಸಪ್ಪ ಟಿವಿಯ ಮೇಲೆ ಮೂಡಬೇಕು. ಎದುರು ಮನೆಯ ಮಕ್ಬುಲಸಾಬ ತನ್ನ ಆಟೋಕ್ಕೆ ಮೈಕು ಕಟ್ಟಿಕೊಂಡು, ಶಹನಾಯಿ ಹಚ್ಚಿಕೊಂಡು ಬೆಳಿಗ್ಗೆಯಿಂದ ಊರು ಸುತ್ತುತ್ತಿದ್ದ: “ಸಂಜೀಕ ಐದಕ್ಕ! ಎಲ್ಲಾರೂ ಬರ್ರಿ! ಬರಾಕ ಮರೀಬ್ಯಾಡ್ರಿ!”

ಇಂಥ ದಿನವೇ ಹೆಂಡತಿ ಶೈಲಜಾಳ ತಮ್ಮ ಕಲ್ಲೇಶ ಬೂಟು ಕಟ್ಟಿಕೊಂಡು ಬೈಕ್ ಹತ್ತಿದ. ಅವನು ಗಿಣಿಗೇರಾದ ಉಕ್ಕಿನ ಕಾರ್ಖಾನೆಯಲ್ಲಿ ನೌಕರ, ಕಾರ್ಖಾನೆಯ ಕಬಡ್ಡಿ ತಂಡದಲ್ಲಿ ಆಟಗಾರ. ಓಣಿಯಲ್ಲೆಲ್ಲ ಅವನಿಗೆ ‘ಪ್ಲೇಯರ್’ ಎಂದೇ ಹೆಸರು. ರಜೆಗೆಂದು ಅಕ್ಕನ ಮನೆಗೆ ಬಂದಿದ್ದವನಿಗೆ ಅಂದು ಗಿಣಿಗೇರಾದಲ್ಲಿ ಪಂದ್ಯವಿತ್ತು.

“ಇಲ್ಲೆ ಓಣಿ ತುಂಬ ಕುರ್ಚಿ ಹಾಕೋದೈತಿ, ಇಂವ ಮಂದಿ ಕಾಲು ಹಿಡದು ಜಗ್ಗಾಕ ಹೊಂಟಾನ!” ಎಂದು ಕೊಟ್ರಬಸಪ್ಪ ಹಾರಾಡಿದ.

“ಮಾಮಾ, ಸಂಜಿಯೊಳಗ ಬಂದುಬಿಡ್ತೀನ್ರಿ.”

“ಬಂದ್ರ ಕಪ್ ತಗೊಂಡು ಬಾ. ಸೋತಿ ಅಂದ್ರ ನನಗ ಮಾರಿ ತೋರಿಸಬ್ಯಾಡ!”

ಕಲ್ಲೇಶ ತಲೆ ಬಗ್ಗಿಸಿ ಹೋದ. ಕೊಟ್ರಬಸಪ್ಪ ಒಳಗೆ ಬಂದು, ಸಂಜೆಯ ವೈಭವದ ಒಂದು ತುಣುಕನ್ನು ಮುಂಚಿತವಾಗಿ ಸವಿಯೋಣವೆಂದು ಮೊಬೈಲಿನಲ್ಲಿ ಆ್ಯಪ್ ತೆರೆದ. ತಾನು ಇರಬೇಕಾದ ಜಾಗದಲ್ಲಿ ಅಮಾವಾಸ್ಯೆಯಿತ್ತು. ಕಪ್ಪು ಚೌಕದ ನಡುವೆ ಬಿಳಿ ಬಳೆಯೊಂದು ತಿರುಗಿತು, ತಿರುಗಿತು, ನಿಂತಿತು. ಬೆರಳಿನಿಂದ ಒತ್ತಿದ. ಉಜ್ಜಿದ. ಹಿತ್ತಾಳೆ ಬೆಳಗುವ ಹಾಗೆ ಅಂಗಿಯ ತುದಿಯಿಂದ ಬೆಳಗಿದ. ಅಮಾವಾಸ್ಯೆ ಇನ್ನಷ್ಟು ಫಳಫಳ ಹೊಳೆಯಿತೇ ಹೊರತು ಚಂದ್ರ ಮೂಡಲಿಲ್ಲ.

ಸಿಗ್ನಲ್ಲು ಸಿಗಲೆಂದು ಮಾಳಿಗೆ ಹತ್ತಿ ಶರಣಕುಮಾರನಿಗೆ ಫೋನು ಹಚ್ಚಿದ. ಕೇಳುವವರು ಎಷ್ಟು ದೂರವಿದ್ದಾರೋ ಅಷ್ಟು ಜೋರಾಗಿ ಮಾತಾಡಬೇಕೆಂಬುದು ಅವನ ನಂಬಿಕೆ, ಗಂಗಾವತಿಯೇನೂ ಹತ್ತಿರದ ಊರಲ್ಲ. ಎದುರು ಮಾಳಿಗೆಯ ಮೇಲೆ ಮಕ್ಬುಲಸಾಬನ ಹೆಂಡತಿ ನಸೀಮಾಬಿ ಮೆಣಸಿನಕಾಯಿ ಹರವುತ್ತಿದ್ದಳು. ಅವಳಿಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

“ಹಲೋ! ಮುಗೀತ್ರೀ ನನ್ನ ಕತಿ! ಇನ್‌ಬೆಡ್ ಪ್ಲೇಯರ್ ಕ್ರ್ಯಾಶ್ ಆಗೈತಿ!”

ನಸೀಮಾಬಿಯ ಕೈಯಲ್ಲಿನ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು.

“ಹೂಂ ರೀ, ಕರ್ರಗ ಆಗಿ ಬಿದ್ದೈತಿ. ಎಷ್ಟು ಮುಟ್ಟಿದ್ರೂ ಅಲಗಾಡವಲ್ದು… ಏನಂದ್ರಿ? ಕಿಲ್ ಮಾಡಬೇಕಾ? ಅಲ್ರೀ, ಕಿಲ್ ಮಾಡಿದ್ರ ಮತ್ತ ಏಳತೈತೇನು?… ಏಳದಿದ್ರ ತಗದು ಒಗದು ಹೊಸಾದು ಹಾಕೋದಾ? ಆತು ಬಿಡ್ರಿ, ನಿಮ್ಮ ಕೈಯಾಗೈತಿ. ಐದಕ್ಕ ಮಂದಿ ಎಲ್ಲಾ ಕೂಡ್ತಾರ. ಐದಕ್ಕಂದ್ರ ಐದಕ್ಕ ಎತ್ತಬೇಕು!”

ಕಿಲ್ ಮಾಡಬೇಕೆಂದದ್ದು ಆ್ಯಪನ್ನು, ಅಂದರೆ ಪೂರ್ತಿ ಮುಚ್ಚಿ ಮತ್ತೆ ತೆರೆಯುವುದು; ಎತ್ತಬೇಕೆಂದದ್ದು ಪರದೆಯನ್ನು. ಆದರೆ ಅದು ಪರದೆ ಎಂದು ನಸೀಮಾಬಿಗೆ ಯಾರು ಹೇಳಬೇಕು? ಕನ್ನಡದಲ್ಲಿ ಪ್ಲೇಯರ್ ಎಂಬುದು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂದು ಯಾವ ವ್ಯಾಕರಣವೂ ಇನ್ನೂ ತೀರ್ಮಾನ ಕೊಟ್ಟಿಲ್ಲ. ಅವಳಿಗೆ ಗೊತ್ತಿದ್ದ ಪ್ಲೇಯರ್ ಒಬ್ಬನೇ. ಅವನು ಆಗಷ್ಟೇ ಬೈಕಿನಲ್ಲಿ ಹೋಗಿದ್ದ.

ಮೃದು ಮನಸ್ಸಿನ ಹೆಂಗಸು. ಮೊದಲು ಕಣ್ಣೊರೆಸಿಕೊಂಡಳು. ಮೆಣಸಿನಕಾಯಿಯ ಕೈಯಾದ್ದರಿಂದ ನೀರು ಧಾರಾಳವಾಗಿ ಹರಿಯಿತು. ಅದೇ ಸ್ಥಿತಿಯಲ್ಲಿ ಗಂಡನಿಗೆ ಫೋನು ಮಾಡಿದಳು.

“ಏನ್ರೀ, ಆ ಶಹನಾಯಿ ಮೊದಲು ಬಂದ್ ಮಾಡ್ರಿ! ಕಲ್ಲೇಶಪ್ಪಗ ಹಿಂಗಿಂಗ ಆಗೈತಿ. ಕೊಟ್ರಬಸಣ್ಣ ಡಾಕ್ಟರ್ ಜೊತಿ ಮಾತಾಡೋದು ನಾನಽ ಕೇಳೀನಿ. ಐದಕ್ಕ ಎತ್ತತಾರಂತ!”

ಮಕ್ಬುಲಸಾಬ ಮಾತಿಗೆ ನಿಂತ ಮನುಷ್ಯ. ಸಂಜೆಯವರೆಗೆ ಮೈಕು ಸುಮ್ಮನಿರಬಾರದೆಂದು ಒಪ್ಪಂದವಾಗಿತ್ತು, ಸುಮ್ಮನಿರಿಸಲಿಲ್ಲ. ಆಟೋ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ಮಹಾಜನರಲ್ಲಿ ದುಃಖದ ವಿನಂತಿ! ಪಾತ್ರಿ ಅಂಗಡಿ ಕೊಟ್ರಬಸಪ್ಪನವರ ಹೆಂಡ್ತಿ ತಮ್ಮ, ನಾಮಾಂಕಿತ ಕಬಡ್ಡಿ ಪ್ಲೇಯರ್ ಕಲ್ಲೇಶ ಇವರು ಗಿಣಿಗೇರಾ ಹಾದಿಯಾಗ ಕ್ರ್ಯಾಶ್ ಆಗ್ಯಾರ. ಬೆಡ್ ಮ್ಯಾಲೆ ಅದಾರ. ಐದಕ್ಕ ಎತ್ತತಾರ. ಎಲ್ಲಾರೂ ಬರ್ರಿ! ಬರಾಕ ಮರೀಬ್ಯಾಡ್ರಿ!”

ಬೆಡ್ ಮೇಲಿರುವವನನ್ನು ಐದಕ್ಕೆ ಎತ್ತುವುದು ಹೇಗೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಮೈಕಿನಲ್ಲಿ ಬಂದ ಮಾತಿಗೆ ಎದುರು ಪ್ರಶ್ನೆ ಹಾಕುವ ಪದ್ಧತಿ ಇಲ್ಲ.

ಅಂಗಡಿಯಲ್ಲಿ ಕೋಟು ತೊಟ್ಟು ನಿಂತು ಮೊಬೈಲು ಜಾಡಿಸುತ್ತಿದ್ದ ಕೊಟ್ರಬಸಪ್ಪನಿಗೆ ಇದು ಕೇಳಿಸಿತು. ಬೆಳಿಗ್ಗೆ ಆ್ಯಪಿನ ಪ್ಲೇಯರ್ ಕ್ರ್ಯಾಶ್, ಈಗ ಮನೆಯ ಪ್ಲೇಯರ್ ಕ್ರ್ಯಾಶ್! ಒಂದೇ ದಿನ ಎರಡು! ಇದೆಂಥ ಗ್ರಹಚಾರವೆಂದು ಅವನು ದೇವರನ್ನು ಕೇಳಿದನೇ ಹೊರತು, ಎರಡಕ್ಕೂ ಏನಾದರೂ ನಂಟಿದೆಯೇ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಕಲ್ಲೇಶನಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಅಂಗಡಿಯ ಬಾಗಿಲನ್ನೂ ಎಳೆಯದೆ ಮನೆಗೆ ಓಡಿದ.

ಪಡಸಾಲೆಯಲ್ಲಿ ಶೈಲಜಾ ಗೋಡೆಗೆ ಒರಗಿ ಕೂತಿದ್ದಳು. ನಸೀಮಾಬಿ ಅವಳ ಬೆನ್ನು ಸವರುತ್ತಿದ್ದಳು. ಗಂಡನನ್ನು ಕಂಡದ್ದೇ ಶೈಲಜಾ ಎದ್ದು ನಿಂತಳು.

“ಮುಂಜಾನಿಂದ ಗೊತ್ತಿತ್ತು ನಿಮಗ! ಮಾಳಿಗಿ ಮ್ಯಾಲೆ ಡಾಕ್ಟರ್ ಜೊತಿ ಮಾತಾಡಿ, ಕೆಳಗ ಇಳದು ಬಂದು, ಏನೂ ಆಗಿಲ್ದವರಂಗ ಮಂಡಾಳ ಒಗ್ಗರಣಿ ತಿಂದು ಹೋದ್ರಿ!”

“ನನಗ ಈಗ ಗೊತ್ತಾತು! ಮೈಕಿನ್ಯಾಗ ಕೇಳಿದೆ!”

“ಸುಳ್ಳು ಹೇಳಬ್ಯಾಡ್ರಿ ಅಣ್ಣಾ” ಎಂದಳು ನಸೀಮಾಬಿ, ಬಹಳ ಮೆತ್ತಗೆ. “ನೀವು ತಡಕೊಂಡಿದ್ದು ಶೈಲಕ್ಕನ ಸಲುವಾಗಿ ಅಂತ ನನಗ ತಿಳೀತೈತಿ. ಆದ್ರ ನಾ ಕಿವಿಯಾರೆ ಕೇಳೀನಿ.”

ಇಬ್ಬರು ಹೆಂಗಸರು ಅಳುತ್ತ ಒಂದೇ ಮಾತು ಹೇಳಿದರೆ ಅದು ನಿಜವೆಂದು ಒಪ್ಪಿಕೊಳ್ಳುವುದು ಕೊಟ್ರಬಸಪ್ಪನ ಸಂಸಾರದ ಅಡಿಪಾಯ. ತನಗೆ ಗೊತ್ತಿತ್ತೇನೋ, ಆಘಾತಕ್ಕೆ ಮರೆತಿದ್ದೇನೋ ಎಂದು ಅವನಿಗೇ ಅನುಮಾನ ಹತ್ತಿತು. ಆಮೇಲೆ ಬೆಳಿಗ್ಗೆ ತಾನು ಆಡಿದ ಮಾತು ನೆನಪಾಯಿತು. ಕೋಟಿನಲ್ಲೇ ನೆಲಕ್ಕೆ ಕುಸಿದ.

“ಮಾರಿ ತೋರಿಸಬ್ಯಾಡ ಅಂದೆನಲ್ಲೇ ಶೈಲಾ! ಹುಡುಗ ಖರೇ ಅಂತ ತಿಳಕೊಂಡು ಹೋಗಿಬಿಟ್ನಲ್ಲ!”

ಅವನು ಅತ್ತದ್ದು ಅಂಥಿಂಥ ಅಳುವಲ್ಲ. ಅದನ್ನು ನೋಡಿ ನಸೀಮಾಬಿಗೆ ಉಳಿದಿದ್ದ ಎಳ್ಳಷ್ಟು ಸಂಶಯವೂ ಹೋಯಿತು.

ಮೂರರ ಹೊತ್ತಿಗೆ ಶಾಮಿಯಾನದ ಕುರ್ಚಿಗಳೆಲ್ಲ ತುಂಬಿದವು. ಉದ್ಘಾಟನೆಗಾಗಿದ್ದರೆ ಇದರ ಕಾಲು ಭಾಗ ಜನವೂ ಬರುತ್ತಿರಲಿಲ್ಲ. ಪಾತ್ರೆಯ ಆ್ಯಪ್ ಯಾರಿಗೆ ಬೇಕು? ದುಃಖಕ್ಕೆ ಮಾತ್ರ ಎಲ್ಲರೂ ಒದಗುತ್ತಾರೆ. ವರ್ತಕರ ಸಂಘದ ಅಧ್ಯಕ್ಷರು ಕೊಟ್ರಬಸಪ್ಪನಿಗೆ ಹಾಕಲೆಂದು ತಂದಿದ್ದ ಗುಲಾಬಿ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಕುರ್ಚಿಯ ಕೆಳಗೆ ತಳ್ಳಿ ಗಂಭೀರವಾಗಿ ಕೂತರು. ಕೆಂಪು ಪರದೆ ಹೊದ್ದ ಟಿವಿಯನ್ನು ನೋಡಿದ ಇಬ್ಬರು ಮುದುಕರು ಅದರೊಳಗೆ ಏನಿರಬಹುದೆಂದು ಊಹಿಸಿ, ದೂರದಿಂದಲೇ ಕೈಮುಗಿದರು.

ಅಷ್ಟರಲ್ಲಿ ಸುದ್ದಿ ಮುಟ್ಟಿದ ಶೈಲಜಾಳ ತವರೂರು ತಳಕಲ್ಲಿನಿಂದ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಒಳಗೆ ಎಷ್ಟು ಜನ ಹಿಡಿಯಬಹುದೋ ಅಷ್ಟು, ಮೇಲೆ ಎಷ್ಟು ಕೂರಬಹುದೋ ಅಷ್ಟು ಬೀಗರು. ಎಲ್ಲರಿಗಿಂತ ಮುಂಚೆ ಇಳಿದವಳು ಕಲ್ಲೇಶನ ತಾಯಿ ಮುದುಕಮ್ಮ. ಇಳಿಯುತ್ತಲೇ ರಾಗ ಎತ್ತಿದಳು.

“ಕಲ್ಲೇಶಾ! ಒಂದು ಗುಕ್ಕಿಗೆ ಒಂದು ರೊಟ್ಟಿ ಮುರೀತಿದ್ದೆಲ್ಲೋ! ಎಣ್ಣಿಗಾಯಿ ಪಲ್ಯಾ ಮಾಡಿದ್ರ ಗಡಿಗಿ ಕೆರೀತಿದ್ದೆಲ್ಲೋ ನನ್ನ ಮಗನಽ!” ನಡುವೆ ಅಳಿಯ ಕಣ್ಣಿಗೆ ಬಿದ್ದ. ರಾಗ ನಿಂತು ಮಾತು ಬಂತು. “ಅಳಿಯಾರ, ಕೋಟು ಹಾಕ್ಕೊಂಡು ನಿಂತೀರಲ್ಲ! ನನ್ನ ಮಗಾ ಬೆಡ್ ಮ್ಯಾಲೆ ಬಿದ್ದಾನ, ನಿಮ್ಮ ಮನ್ಯಾಗ ಏನು ಲಗ್ನ ಐತೇನ್ರಿ?”

“ಅತ್ತೀ, ಇದು… ಉದ್ಘಾಟನೆ…”

“ಏನು ಉದ್ಘಾಟನೆ? ನನ್ನ ಮಗಂದೇನ್ರಿ?”

ಕೊಟ್ರಬಸಪ್ಪ ಕೋಟು ಬಿಚ್ಚಲು ಹೋದ. ತೋಳು ಮೊಣಕೈಗೆ ಸಿಕ್ಕಿಕೊಂಡು ಅರ್ಧದಲ್ಲೇ ನಿಂತಿತು.

ಆಗ ಮುದುಕಮ್ಮನ ಕಡೆಯವರಿಗೆ ಫೋನು ಬಂತು. ನೇರ ಕೊಪ್ಪಳಕ್ಕೆ ಹೋಗಿ ದವಾಖಾನೆಗಳಲ್ಲಿ ವಿಚಾರಿಸಿದ ಬೀಗರೊಬ್ಬರು, ಕಲ್ಲೇಶ ಎಂಬ ಯಾರೂ ಎಲ್ಲಿಯೂ ದಾಖಲಾಗಿಲ್ಲ ಎಂದು ತಿಳಿಸಿದರು. ಬೇರೆ ಕಡೆಯಾಗಿದ್ದರೆ ಈ ಸುದ್ದಿಗೆ ಜನ ಸಮಾಧಾನ ಪಡುತ್ತಿದ್ದರೋ ಏನೋ. ಇಲ್ಲಿ ಶಾಮಿಯಾನದ ತುಂಬ ಒಮ್ಮೆಲೆ ನಿಟ್ಟುಸಿರು ಎದ್ದಿತು. “ದವಾಖಾನಿಗೂ ಮುಟ್ಟಿಲ್ಲಂದ್ರ, ಮುಗೀತು ಬಿಡ್ರಿ” ಎಂದರು ಅಧ್ಯಕ್ಷರು.

ಗದ್ದಲಕ್ಕೆ ರಸ್ತೆ ಕಟ್ಟಿತ್ತು. ದಾರಿ ಬಿಡಿಸಲೆಂದು ಬಂದ ಹೆಡ್ ಕಾನ್‌ಸ್ಟೇಬಲ್ ಕಾಳಪ್ಪ ಸುಮ್ಮನೆ ದಾರಿ ಬಿಡಿಸಿ ಹೋಗುತ್ತಿದ್ದ. ಅಷ್ಟರಲ್ಲಿ ನಸೀಮಾಬಿ ಅಳುತ್ತಳುತ್ತ, “ಆ ಡಾಕ್ಟರ್ ಕಿಲ್ ಮಾಡ್ರಿ ಅಂದಾನಂತ” ಎಂದಳು. ಕಾಳಪ್ಪ ಗಕ್ಕನೆ ನಿಂತ. ಟೊಪ್ಪಿಗೆ ಸರಿಮಾಡಿಕೊಂಡ.

“ಕಿಲ್ ಅಂದ್ನಾ? ಹಂಗಾರ ಇದು ನಮ್ಮ ಇಲಾಖೆಗೆ ಬರತೈತಿ. ಎಲ್ಲಾರೂ ಹಿಂದ ಸರೀರಿ. ಕೊಟ್ರಬಸಪ್ಪ, ಮೊಬೈಲ್ ಕೊಡ್ರಿ. ಮುಂಜಾನಿ ಮಾತಾಡಿದ ನಂಬರ್ ಇದಽ ಏನು?”

ಕಣ್ಣು ಊದಿದ್ದ, ಕೋಟಿನಲ್ಲಿ ಎರಡೂ ಕೈ ಸಿಕ್ಕಿಕೊಂಡಿದ್ದ ಕೊಟ್ರಬಸಪ್ಪ ನೋಡದೆಯೇ ತಲೆಯಾಡಿಸಿದ. ಕಾಳಪ್ಪ ನಂಬರ್ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

“ಮುಂಜಾನಿ ಪ್ಲೇಯರ್‌ನ ಕಿಲ್ ಮಾಡ್ರಿ ಅಂತ ಹೇಳಿದವರು ನೀವಽ ಏನ್ರಿ?”

“ಹೌದ್ರಿ ಸರ್, ನಾನಽ” ಎಂದಿತು ಫೋನು, ಯಾವ ಅಳುಕೂ ಇಲ್ಲದೆ. “ಮಾಡಿದ್ರೇನ್ರಿ?”

“ಎಲಾ ಇವನ! ಎಷ್ಟು ಆರಾಮ ಕೇಳ್ತಾನ ನೋಡು!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

“ಹಿಂಗ ಎಷ್ಟು ಮಂದಿಗೆ ಹೇಳೀರಿ?”

“ದಿನಾ ಹೇಳ್ತೀನಲ್ರಿ ಸರ್. ನಮ್ಮ ಕೆಲಸಾನಽ ಅದು. ಮೊದಲು ಕಿಲ್ ಮಾಡ್ರಿ, ಎದ್ರ ಛಲೋ ಆತು. ಏಳಲಿಲ್ಲಂದ್ರ ಪೂರ್ತಿ ತಗದು ಒಗೀರಿ.”

ಕಾಳಪ್ಪ ಬರೆದುಕೊಳ್ಳಲು ಜೇಬಿನಲ್ಲಿ ಪೆನ್ನು ಹುಡುಕಿದ. ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ಅವನು ಕಂಡಿರಲಿಲ್ಲ.

“ತಗದು ಒಗದ ಮ್ಯಾಲೆ? ಅವರ ತಾಯಿಗೆ ಏನು ಹೇಳೋಣ?”

“ತಾಯಿಗೆ ಯಾಕ್ರೀ ಸರ್? ಗಾಬರಿ ಏನಿಲ್ಲ. ಅದು ಹೋದ್ರ ಹೋಗಲಿ, ಅರ್ಧ ತಾಸಿನ್ಯಾಗ ಹೊಸಾದು ಕಳಸ್ತೀನಿ. ಹಳೇದರಕ್ಕಿಂತ ಫಾಸ್ಟ್ ಇರತೈತಿ.”

“ಹೊಸಾ ಮಗನ್ನ ಕಳಸ್ತಾನಂತವ್ವಾ!” ಎಂದು ಮುದುಕಮ್ಮ ಎದೆ ಬಡಿದುಕೊಂಡಳು. “ನನಗ ಫಾಸ್ಟ್ ಬ್ಯಾಡೋ ಯಪ್ಪಾ! ನನಗ ನನ್ನ ಹಳೇದಽ ಇರಲಿ!”

ಆ ದನಿ, ಆ ‘ಗಾಬರಿ ಏನಿಲ್ಲ’ ಎಂಬ ಮಾತು, ಕೊಟ್ರಬಸಪ್ಪನ ತಲೆಯೊಳಗೆ ಎಲ್ಲೋ ಹೋಗಿ ತಟ್ಟಿತು. ಕಣ್ಣುಗಳು ದೊಡ್ಡವಾದವು. ಕೋಟಿನ ಸಮೇತ ಹಾರಿ ನಿಂತ.

“ಏ! ಇಂವ ಡಾಕ್ಟರ್ ಅಲ್ರೀ! ಇಂವ ಶರಣಕುಮಾರ! ನಮ್ಮ ಆ್ಯಪ್ ಮಾಡಿದಂವ! ಕ್ರ್ಯಾಶ್ ಆಗಿದ್ದು ಆ್ಯಪಿನ್ಯಾಗಿನ ಪ್ಲೇಯರ್ರೀ! ವಿಡಿಯೋ ತೋರಸೋ ಪ್ಲೇಯರ್!”

ಶೈಲಜಾ ಸೆರಗಿನಿಂದ ಮುಖ ತೆಗೆದಳು.

“ಮತ್ತ ಕಲ್ಲೇಶ ಬಿದ್ದಿದ್ದು ಯಾರು ನೋಡ್ಯಾರ?”

ಎಲ್ಲರೂ ಮಕ್ಬುಲಸಾಬನನ್ನು ನೋಡಿದರು. ಮಕ್ಬುಲಸಾಬ ಹೆಂಡತಿಯನ್ನು ನೋಡಿದ. ನಸೀಮಾಬಿ ಕೊಟ್ರಬಸಪ್ಪನನ್ನು ನೋಡಿದಳು. ಕೊಟ್ರಬಸಪ್ಪನಿಗೆ ನೋಡಲು ಯಾರೂ ಉಳಿದಿರಲಿಲ್ಲ. ಅವನು ಟಿವಿಯ ಕೆಂಪು ಪರದೆಯನ್ನು ನೋಡಿದ.

ಸರಿಯಾಗಿ ಆಗಲೇ ಓಣಿಯ ತುದಿಯಲ್ಲಿ ಬೈಕಿನ ಸದ್ದಾಯಿತು. ಕ್ಷೇಮವಾಗಿದ್ದ ಕಲ್ಲೇಶ ಅಷ್ಟೇನೂ ಸಂತೋಷವಾಗಿರಲಿಲ್ಲ. ಅವನ ತಂಡ ಮೊದಲ ಪಂದ್ಯದಲ್ಲೇ ಸೋತಿತ್ತು. ಮಾಮನ ಮಾತಿಗೆ ಹೆದರಿ ಫೋನು ಆಫ್ ಮಾಡಿ, ದಾರಿಯಲ್ಲಿ ಒಂದೊಂದು ಹೋಟೆಲಿನಲ್ಲಿ ಒಂದೊಂದು ಪ್ಲೇಟು ಮಿರ್ಚಿ ಭಜಿ ತಿಂದು ಹೊತ್ತು ಕಳೆದಿದ್ದ. ಉದ್ಘಾಟನೆಯ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹಿತ್ತಲ ಬಾಗಿಲಿಂದ ನುಸುಳುವುದು ಅವನ ಯೋಜನೆ. ಓಣಿ ತಿರುಗಿದಾಗ ಕಂಡದ್ದು, ಅರ್ಧ ಊರು ಎದ್ದು ನಿಂತು ತನ್ನನ್ನೇ ನೋಡುತ್ತಿರುವುದು.

“ಬಂದ! ಪ್ಲೇಯರ್ ಬಂದ!” ಎಂದು ಯಾರೋ ಕೂಗಿದರು. ಜನ ನುಗ್ಗಿದರು. ಬೈಕಿನಿಂದ ಅವನನ್ನು ಎತ್ತಿಕೊಂಡರು. ಗಡಿಯಾರದಲ್ಲಿ ಐದು. ಹಾರಕ್ಕೆ ದಾರಿ ಹುಡುಕುತ್ತಿದ್ದ ಅಧ್ಯಕ್ಷರು ಅದನ್ನು ಅವನ ಕೊರಳಿಗೆ ಹಾಕಿ ಹಗುರಾದರು. ಮುದುಕಮ್ಮ ಅವನ ಕೈ ಕಾಲು ಹಿಚುಕಿ ಹಿಚುಕಿ, ಎಲ್ಲ ಇದ್ದಲ್ಲೇ ಇವೆಯೋ ಎಂದು ಪರೀಕ್ಷಿಸಿದಳು. ಇಷ್ಟೊಂದು ಪ್ರೀತಿ ಸೋತ ಆಟಗಾರನಿಗೆ ಎಲ್ಲಿಯೂ ಸಿಕ್ಕಿದ ದಾಖಲೆಯಿಲ್ಲ. ಕಲ್ಲೇಶ ಅಳುಮುಖ ಮಾಡಿಕೊಂಡು, “ಮಾಮಾ, ಕಪ್ಪು…” ಎನ್ನುವಷ್ಟರಲ್ಲಿ, ಕೋಟಿನಲ್ಲಿ ಕೈ ಸಿಕ್ಕಿಕೊಂಡಿದ್ದ ಕೊಟ್ರಬಸಪ್ಪ ಅಪ್ಪಿಕೊಳ್ಳಲಾಗದೆ ತಲೆಯನ್ನೇ ಅವನ ಭುಜಕ್ಕೆ ಒತ್ತಿಬಿಟ್ಟ.

“ಕಪ್ಪಿಗೆ ಬೆಂಕಿ ಹಚ್ಚು! ನಮ್ಮ ಅಂಗಡ್ಯಾಗ ಬೇಕಾದಷ್ಟು ಕಪ್ಪು ಅದಾವು!”

“ಹಲೋ? ಹಲೋ? ಸರ್?” ಎಂದು ಕಾಳಪ್ಪನ ಕೈಯಲ್ಲಿದ್ದ ಫೋನು ಇನ್ನೂ ಒದರುತ್ತಿತ್ತು. “ಕೊಟ್ರಬಸಪ್ನೋರ್ನ ಒಂದು ಮಾತು ಕೇಳ್ರಿ. ವಿಡಿಯೋ ಏರಿಸುಮುಂದ ಪಬ್ಲಿಕ್ಕೋ ಪ್ರೈವೇಟೋ ಅಂತ ಕೇಳಿರತೈತಿ. ಏನು ಒತ್ತಿದ್ರಿ?”

“ಪ್ರೈವೇಟ್!” ಎಂದ ಕೊಟ್ರಬಸಪ್ಪ, ಕಲ್ಲೇಶನ ಭುಜಕ್ಕೆ ಕಣ್ಣೊರೆಸಿ, ಎದೆಯುಬ್ಬಿಸಿ. “ಪಬ್ಲಿಕ್ ಅಂದ್ರ ಸರಕಾರಿ. ಸಾಲಿ ತಗೋ, ದವಾಖಾನಿ ತಗೋ, ಮಂದಿ ಎಲ್ಲಾ ಪ್ರೈವೇಟ್ ಛಲೋ ಅಂತಾರ. ನಮ್ಮ ವಿಡಿಯೋಕ್ಕ ನಾ ಯಾಕ ಕಡಿಮಿ ಮಾಡ್ಲಿ?”

“ಬರೋಬ್ಬರಿ ಐತಲ್ಲ” ಎಂದ ಕಾಳಪ್ಪ. ಅಧ್ಯಕ್ಷರೂ ತಲೆದೂಗಿದರು.

“ಅಯ್ಯೋ ಸಾಹೇಬ್ರ! ಪ್ರೈವೇಟ್ ಅಂದ್ರ ಯಾರಿಗೂ ತೋರಸಬಾರದು ಅಂತ ಅರ್ಥ. ಬಾಗಲಾ ಹಾಕ್ಕೊಂಡು ಒಳಗ ಕುಂತು, ಮಂದಿ ಯಾಕ ನೋಡವಲ್ರು ಅಂದ್ರ ಹೆಂಗ್ರೀ? ಪಬ್ಲಿಕ್ ಒತ್ರಿ.”

ಕಲ್ಲೇಶ ಒತ್ತಿದ. ಅಧ್ಯಕ್ಷರು ಪರದೆ ಎತ್ತಿದರು. ಹಂಡೆಗಳ ಸಾಲಿನಿಂದ ಕೊಟ್ರಬಸಪ್ಪ ಹೊರಬಂದು, ಹೊಟ್ಟೆಗೆ ಕೊಡ ಹಿಡಿದು, ಒಂದೇ ಕೈ ಎತ್ತಿದ. ಇಡೀ ದಿನ ಅತ್ತು ದಣಿದಿದ್ದ ಜನಕ್ಕೆ ನಗಲು ಏನಾದರೂ ಬೇಕಾಗಿತ್ತು. ಅವರು ನಕ್ಕ ಸದ್ದು ಬಜಾರಿನವರೆಗೆ ಕೇಳಿಸಿತು. ಇನ್ನೊಮ್ಮೆ ಹಾಕೆಂದರು, ಮತ್ತೊಮ್ಮೆ ಹಾಕೆಂದರು. ಬಟ್ಟೆ ಅಂಗಡಿಯವನು ಮಾತ್ರ ನಗಲಿಲ್ಲ. ಅವನ ಆ್ಯಪಿಗೆ ಇಷ್ಟು ಜನ ಎಂದೂ ಕೂಡಿರಲಿಲ್ಲ.

ಬಂದ ಬೀಗರನ್ನು ಉಪವಾಸ ಕಳಿಸುವಂತಿರಲಿಲ್ಲ. ಅಂಗಡಿಯಿಂದ ದೊಡ್ಡ ಪಾತ್ರೆಗಳು ಬಂದವು, ಶೈಲಜಾ ಮತ್ತು ನಸೀಮಾಬಿ ಕೂಡಿ ಒಲೆ ಹಚ್ಚಿದರು. ನಸೀಮಾಬಿ ಅನ್ನ ಬಸಿಯುವಾಗಲೂ, “ತಪ್ಪಾತು ಶೈಲಕ್ಕಾ” ಎನ್ನುವುದನ್ನು ಬಿಟ್ಟಿರಲಿಲ್ಲ. ಪಂಕ್ತಿ ಕೂತಿತು. ಕಲ್ಲೇಶ ಮಾಮನ ಕಿವಿಯಲ್ಲಿ ಪಿಸುಗುಟ್ಟಿದ.

“ಮಾಮಾ, ಮೊದಲ್ನೇ ಮ್ಯಾಚಿನ್ಯಾಗಽ ಸೋತ್ವಿ. ನಾ ಒಂದು ಪಾಯಿಂಟೂ ತರಲಿಲ್ಲ.”

“ಸುಮ್ಮನ ಉಣ್ಣು” ಎಂದ ಕೊಟ್ರಬಸಪ್ಪ, ತನ್ನ ತಾಟಿನ ಎಣ್ಣೆಗಾಯಿಯನ್ನು ಅವನ ತಾಟಿಗೆ ಸರಿಸುತ್ತ.

ಅಷ್ಟರಲ್ಲಿ ರೊಟ್ಟಿ ನೀಡುತ್ತ ಬಂದ ಮುದುಕಮ್ಮ, ಇಡೀ ಪಂಕ್ತಿಗೆ ಕೇಳುವಂತೆ ಕೇಳಿಯೇಬಿಟ್ಟಳು.

“ಅಲ್ಲೋ ಕಲ್ಲೇಶ, ಇಷ್ಟೆಲ್ಲಾ ಆತು. ನಿನ್ನ ಮ್ಯಾಚ್ ಏನಾತೋ?”

ಪಂಕ್ತಿಯ ಕೈಗಳೆಲ್ಲ ತಾಟಿನಲ್ಲೇ ನಿಂತವು. ಕಲ್ಲೇಶ ಕೆಂಪಾದ. ಕೊಟ್ರಬಸಪ್ಪ ಬಾಯಿಯ ತುತ್ತು ನುಂಗಿ, ಬಹಳ ಶಾಂತವಾಗಿ ಹೇಳಿದ:

“ಅದು ಪ್ರೈವೇಟ್ ಐತ್ರಿ ಅತ್ತೀ.”

ಮುದುಕಮ್ಮ ಒಂದು ಕ್ಷಣ ಯೋಚಿಸಿದಳು. ಆಮೇಲೆ ಮುಖ ಅರಳಿತು.

“ಪ್ರೈವೇಟಾ? ಹಂಗಾರ ಭಾಳ ಛಲೋನಽ ಆಡಿರಬೇಕು ತಗೀರಿ” ಎಂದು ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.